ಎಥೆನಾಲ್ ಜಿಸಿಯಲ್ಲಿ ಮೆಥನಾಲ್ ಏರಿಯಾ ನಿಲ್ಲದಿದ್ದರೆ ಲೈನರ್ ನೋಡಿ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ ಡಿಸ್ಟಿಲರಿ ಲ್ಯಾಬಿನಲ್ಲಿ ಕಾಕಂಬಿಯ ಎಥೆನಾಲನ್ನು ಜಿಸಿಯಲ್ಲಿ (ಗ್ಯಾಸ್ ಕ್ರೊಮಟೋಗ್ರಾಫ್: ಮಾದರಿಯನ್ನು ಆವಿ ಮಾಡಿ ಅದರ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಪರೀಕ್ಷಿಸುವಾಗ ಬಂದ ತೊಂದರೆ ಇದು. ಒಂದೇ ವಯಲ್‌ನಿಂದ ಸಾಲಾಗಿ ಇಂಜೆಕ್ಟ್ ಮಾಡಿದರೂ ಮೆಥನಾಲ್ ಏರಿಯಾ (ಅದರ ಪ್ರಮಾಣ ತೋರಿಸುವ ಪೀಕಿನ ವಿಸ್ತೀರ್ಣ) ಏರುಪೇರು. ಬ್ಲ್ಯಾಂಕ್‌ನಲ್ಲೂ (ಮೆಥನಾಲ್ ಇಲ್ಲದ ಖಾಲಿ ಮಾದರಿ) ಸಣ್ಣ ಪೀಕು. ಸಿರಿಂಜ್, ಸೆಪ್ಟಮ್ (ಸೂಜಿ ಚುಚ್ಚುವ ರಬ್ಬರ್ ಬಿಲ್ಲೆ) ಬದಲಿಸಿದರೂ ಹೋಗಲಿಲ್ಲ. ಇನ್‌ಲೆಟ್‌ನಲ್ಲಿ ಇದ್ದದ್ದು 2 ಮಿ.ಮೀ. ಒಳವ್ಯಾಸದ ಲೈನರ್, ಅಂದರೆ ಮಾದರಿ ಆವಿಯಾಗುವ ಗಾಜಿನ ಕೊಳವೆ.

ಲೆಕ್ಕ ಹಾಕಿದರೆ ಕಾರಣ ಸಿಗುತ್ತದೆ. 1 ಮೈಕ್ರೋಲೀಟರ್ ಎಥೆನಾಲ್ 200 ಡಿಗ್ರಿ, 10 ಪಿಎಸ್ಐ ಒತ್ತಡದಲ್ಲಿ ಸುಮಾರು 400 ಮೈಕ್ರೋಲೀಟರ್ ಆವಿಯಾಗುತ್ತದೆ. 78.5 ಮಿ.ಮೀ. ಉದ್ದದ ಆ ಲೈನರ್‌ನ ಒಟ್ಟು ಜಾಗವೇ ಸುಮಾರು 250 ಮೈಕ್ರೋಲೀಟರ್. ಹಿಡಿಸದ ಆವಿ ಮೇಲಕ್ಕೆ ಉಕ್ಕಿ ಸೆಪ್ಟಮ್ ಪರ್ಜ್ (ಸೆಪ್ಟಮ್ ಕೆಳಗಿನ ಗ್ಯಾಸ್ ಹೊರಹೋಗುವ ದಾರಿ), ಗ್ಯಾಸ್ ಲೈನ್ ಸೇರುತ್ತದೆ. ಮುಂದಿನ ರನ್‌ನಲ್ಲಿ ವಾಪಸ್ ಬರುತ್ತದೆ. 4 ಮಿ.ಮೀ. ಲೈನರ್‌ನಲ್ಲಿ 980ರಷ್ಟು ಜಾಗವಿದೆ.

ಹಾಗಾಗಿ 4 ಮಿ.ಮೀ., ಡೀಆಕ್ಟಿವೇಟ್ ಆದ (ಒಳಮೈ ಮಾದರಿಗೆ ಅಂಟದಂತೆ ಸಂಸ್ಕರಿಸಿದ), ಗ್ಲಾಸ್ ವುಲ್ (ಗಾಜಿನ ಎಳೆಗಳ ಉಂಡೆ) ಇರುವ ಸ್ಪ್ಲಿಟ್ ಲೈನರ್ ಹಾಕಿ, ಸ್ಪ್ಲಿಟ್ 20:1 ಇಟ್ಟೆ (ಆವಿಯ 20 ಪಾಲು ಹೊರಗೆ, 1 ಪಾಲು ಘಟಕಗಳನ್ನು ಬೇರ್ಪಡಿಸುವ ಕಾಲಮ್ ಎಂಬ ಸಣ್ಣ ನಳಿಕೆಗೆ). ಏರಿಯಾ ಸ್ಥಿರವಾಯಿತು. ವುಲ್ ಇಲ್ಲದಿದ್ದರೆ ಹನಿ ಪೂರ್ತಿ ಆವಿಯಾಗುವ ಮೊದಲೇ ತಳಕ್ಕೆ ಇಳಿದುಬಿಡುತ್ತದೆ. ಆದರೆ ವುಲ್ಲನ್ನು ಕೈಯಿಂದ ತುರುಕಬೇಡಿ: ಎಳೆ ಮುರಿದ ಕಡೆ ಸಿಲನಾಲ್ (ಮಾದರಿಯನ್ನು ಹಿಡಿದುಕೊಳ್ಳುವ ಗಾಜಿನ ಸಕ್ರಿಯ ಗುಂಪು) ಹೊರಬಂದು ಪೀಕಿಗೆ ಬಾಲ ಬರುತ್ತದೆ. ಕಾರ್ಖಾನೆಯಲ್ಲೇ ತುಂಬಿದ್ದನ್ನು ಕೊಳ್ಳುವುದೇ ಸರಿ.

ಬದಲಿಸುವಾಗ ಓವನ್, ಇನ್‌ಲೆಟ್ ಎರಡೂ ತಣ್ಣಗಾಗಲಿ. ಬಿಸಿ ಕಾಲಮ್‌ಗೆ ಗಾಳಿ ಹೊಕ್ಕರೆ ಕಾಲಮ್ ಕೆಡುತ್ತದೆ. ಹೊಸ ಓ-ರಿಂಗ್ ಹಾಕಿ, ಲೀಕ್ ನೋಡಿ. ಆಮೇಲೆ ಅಸಿಟಾಲ್ಡಿಹೈಡ್–ಮೆಥನಾಲ್ ರೆಸಲ್ಯೂಷನ್ (ಎರಡು ಪೀಕು ಎಷ್ಟು ಬೇರೆಯಾಗಿವೆ ಎಂಬ ಅಳತೆ) 1.5ಕ್ಕಿಂತ ಕಡಿಮೆಯಿಲ್ಲವೆಂದು ಖಚಿತಮಾಡಿಕೊಳ್ಳಿ.

4 ಮಿ.ಮೀ. ಲೈನರ್ ಸಿಗುವ ತನಕ 0.5 ಮೈಕ್ರೋಲೀಟರ್ ಹಾಕಬಹುದು. ಆಗ ಇದೇ ಪರೀಕ್ಷೆಯಲ್ಲಿ ನೋಡುವ ಇನ್ನೊಂದು ಕಲ್ಮಶವಾದ ಬೆಂಜೀನಿನ 2 ಪಿಪಿಎಂ ಪೀಕು ಅರ್ಧಕ್ಕಿಳಿಯುತ್ತದೆ, ಅದು ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ಮೊದಲು ನೋಡಿ.