ಗ್ಯಾರೇಜ್ ನೆಲ, ಸೀಮೆಸುಣ್ಣ, ಸ್ಟ್ಯಾಟಿಕ್ಸ್

ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಡಿಗ್ರಿಯ ಮೊದಲ ಎರಡು ವರ್ಷದ ಪಾಠ ಮಾಡುವ ಸರ್ಕಾರಿ ಕಾಲೇಜಿನಲ್ಲಿ, ಸ್ಟ್ಯಾಟಿಕ್ಸ್ (ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳ ಲೆಕ್ಕ) ತಗೊಂಡಾಗ ನನಗೆ ಮೊದಲ ಸಲ ಡಿ ಗ್ರೇಡ್ ಬಂತು, ಎರಡನೇ ಸಲ ಎ. ಎರಡೂ ಸಲ ಅದೇ ಮೇಷ್ಟ್ರು, ಅದೇ ಪುಸ್ತಕ. ನಡುವೆ ಏನು ಮಾಡಿದೆ ಅಂತ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಯೂನಿಟ್ (ಕ್ಲಾಸಿನ ಅಳತೆ, ಫೀಸೂ ಅದರ ಮೇಲೆ), ಟ್ರಾನ್ಸ್‌ಫರ್ (ಇಲ್ಲಿ ಓದಿದ್ದನ್ನು ಹಿಡಿದು ಯೂನಿವರ್ಸಿಟಿಗೆ ಹೋಗುವುದು), ಇವನ್ನು ಇದಕ್ಕಿಂತ ಹೆಚ್ಚು ವಿವರಿಸಲ್ಲ. ಈಗಾಗಲೇ ಕ್ಲಾಸಿಗೆ ಹೋಗುತ್ತಿರುವವರಿಗೆ ಇದು.

ನಾನು ತಿಪಟೂರಿನವಳು. ಬಿಎಸ್ಸಿ ಎರಡನೇ ವರ್ಷದಲ್ಲಿ ಮದುವೆ ಆಯಿತು, ಓದು ಅಲ್ಲಿಗೆ ನಿಂತಿತು. ಎಚ್4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಜೊತೆ ಹೆಂಡತಿಗೆ ಸಿಗುವ ವೀಸಾದಲ್ಲಿ, ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಬಂದೆ. ಇಎಡಿ, ಅಂದರೆ ಕೆಲಸದ ಪರವಾನಗಿ, ಇಲ್ಲದೆ ಕೆಲಸ ಮಾಡುವ ಹಾಗಿಲ್ಲ, ಓದುವುದಕ್ಕೆ ಅಡ್ಡಿಯಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತೇನೆ ಅಂದಾಗ ನನಗೆ 31 ವರ್ಷ, ಮಗಳಿಗೆ 4. ಪಕ್ಕದ ಮನೆಯವರು, "ಅಯ್ಯೋ, ಅದೆಲ್ಲಾ ಯಾಕ್ರೀ? ಆರು ವಾರ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಮಾಡಿ, ಕೆಲಸ ಗ್ಯಾರಂಟಿ" ಅಂದರು. ಫೋನಿನಲ್ಲಿ ಅಮ್ಮ, "ಏನೇ, ಅದು ನಮ್ಮ ಐಟಿಐ ಥರನಾ?" ಅಂದಳು. ನಮ್ಮನೆಯವರು ಏನೂ ಅನ್ನಲಿಲ್ಲ. ಆದರೆ ಅವರ ಮುಖ ನನಗೆ ಗೊತ್ತಾಗಲ್ವಾ?

ಮೊದಲು ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಮೂರು ಯೂನಿಟ್ ಕ್ಲಾಸು 138ಕ್ಕೆ ಮುಗಿಯಿತು. ಹೊರಗಿನವರು ಅಂತ ಲೆಕ್ಕ ಹಾಕಿದರೆ ಅದೇ ಕ್ಲಾಸು ಸಾವಿರ ದಾಟುತ್ತದೆ. ನಾನು ಆತುರಗೆಟ್ಟವಳು. ನಿವಾಸಿ ಅನ್ನಿಸಿಕೊಳ್ಳಲು ರಾಜ್ಯಕ್ಕೆ ಬಂದು ಒಂದು ವರ್ಷ ಒಂದು ದಿನ ಆಗಬೇಕು, ಅದಕ್ಕೂ ಮುಂಚೆಯೇ ಸೇರಿಬಿಟ್ಟೆ. ಮೊದಲ ಕ್ಲಾಸಿಗೆ ಸುಮಾರು 1,050 ಡಾಲರ್ ಕೊಟ್ಟೆ. ಎರಡು ತಿಂಗಳು ಸುಮ್ನೆ ಕೂತಿದ್ದರೆ ಉಳಿಯುತ್ತಿತ್ತು. ವರ್ಷ ತುಂಬಿದ ಮೇಲೆ ಹೋದರೆ ಕೌಂಟರಿನಲ್ಲಿದ್ದಾಕೆ, "ವೀಸಾದವರಿಗೆ ಯಾವಾಗಲೂ ಹೊರಗಿನವರ ಫೀಸೇ" ಅಂದುಬಿಟ್ಟಳು. ಅದು ತಪ್ಪು. ಎಫ್1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಹಾಗೆ, ಎಚ್4ನವರು ನಿವಾಸಿ ಆಗಬಹುದು. ವೀಸಾ ಪಟ್ಟಿ ಪ್ರಿಂಟ್ ಮಾಡಿಕೊಂಡು, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್, ಟ್ಯಾಕ್ಸ್ ಪೇಪರ್ ಎಲ್ಲಾ ಹಿಡಿದು ಮೂರು ಸಲ ಓಡಾಡಿದೆ. ಮೂರನೇ ಸಲ ಬೇರೆಯವರು ಕೂತಿದ್ದರು, ಹತ್ತು ನಿಮಿಷದಲ್ಲಿ ಆಯಿತು. ಊರಿನ ಬಿಎಸ್ಸಿ ಅಂಕಪಟ್ಟಿಯ ಮೌಲ್ಯಮಾಪನಕ್ಕೆ ಕೊಟ್ಟ ಇನ್ನೂರು ಡಾಲರ್ ಮಾತ್ರ ನೀರಲ್ಲಿ ಹೋಮ. ಕ್ಯಾಲ್ಕುಲಸ್ ಮತ್ತೆ ಮೊದಲಿಂದ ಮಾಡಬೇಕಾಯಿತು. ಅದು ಒಳ್ಳೆಯದೇ ಆಯಿತು ಅಂತ ಆಮೇಲೆ ಅನಿಸಿತು.

ಸಾವಿರ ಕೊಟ್ಟ ಆ ಮೊದಲ ಕ್ಲಾಸು ಇಂಟ್ರೊಡಕ್ಷನ್ ಟು ಎಂಜಿನಿಯರಿಂಗ್. ಗಣಿತ ಮುಗಿಸಿ ತಗೊಳ್ಳಿ ಅಂತ ಕೌನ್ಸೆಲರ್ ಹೇಳಿದ್ದರು. ನಾನು ಕೇಳಲಿಲ್ಲ. ನಾಲ್ಕು ಜನರ ತಂಡ, ಐಸ್‌ಕ್ರೀಮ್ ಕಡ್ಡಿಯ ಸೇತುವೆ ಕಟ್ಟಬೇಕು. ಉಳಿದ ಮೂವರಿಗೂ ಹತ್ತೊಂಬತ್ತು ವರ್ಷ. ಅವರು ಹಾಟ್ ಗ್ಲೂ ಹಾಕಿ ಒಂದೇ ರಾತ್ರಿಯಲ್ಲಿ ಕಟ್ಟಿದ ಮೊದಲ ಸೇತುವೆ ಬಕೆಟ್ಟಿಗೆ ಅರ್ಧ ಮರಳು ಬೀಳುವಷ್ಟರಲ್ಲಿ ಕುಸಿಯಿತು. ಕಡ್ಡಿ ಮುರಿದಿರಲಿಲ್ಲ, ಅಂಟು ಬಿಟ್ಟುಕೊಂಡಿತ್ತು. ಎರಡನೆಯದನ್ನು ನಾನು ಮನೆಗೆ ತಂದೆ. ಮರದ ಅಂಟು, ಪ್ರತಿ ಜಾಯಿಂಟಿಗೂ ಬಟ್ಟೆ ಒಣಗಿಸುವ ಕ್ಲಿಪ್ಪು, ಎರಡು ದಿನ ಒಣಗಲು ಬಿಟ್ಟೆ. ಒತ್ತಡ ತಿನ್ನುವ ಮೇಲಿನ ಕಡ್ಡಿಗಳನ್ನು ಜೋಡಿ ಮಾಡಿ, ನಡುವೆ ತುಂಡು ಕೂರಿಸಿದೆ, ಬಾಗದ ಹಾಗೆ. ಸುಮಾರು 140 ಪೌಂಡ್ ಹೊತ್ತಿತು. ಕ್ಲಾಸಿನಲ್ಲಿ ಎರಡನೆಯ ಸ್ಥಾನ. ಅಂಟು ಹಚ್ಚುವ ಮುಂಚೆ ಕಡ್ಡಿಗೆ ಇನ್ನೊಂದು ಕೆಲಸ ಮಾಡಿದ್ದೆ. ಅದನ್ನು ಇಲ್ಲಿ ಹೇಳಲ್ಲ. ನನ್ನ ಮಗಳೂ ಒಂದು ದಿನ ಸೇತುವೆ ಕಟ್ಟಬೇಕಾಗುತ್ತದೆ.

ಆ ಕ್ಲಾಸಿನಲ್ಲಿ ಎ ಸಿಕ್ಕಿದ್ದೇ ತಲೆಗೆ ಏರಿತು. ಕ್ಯಾಲ್ಕುಲಸ್-2, ಮೆಕ್ಯಾನಿಕ್ಸ್ ಫಿಸಿಕ್ಸ್ ಹೇಗೋ ದಾಟಿದೆ. ಆಮೇಲೆ ಒಂದೇ ಸೆಮಿಸ್ಟರಿನಲ್ಲಿ ಸ್ಟ್ಯಾಟಿಕ್ಸ್, ಕ್ಯಾಲ್ಕುಲಸ್-3, ಮೆಟೀರಿಯಲ್ಸ್, ಮ್ಯಾಟ್‌ಲ್ಯಾಬ್ ಪ್ರೋಗ್ರಾಮಿಂಗ್, ನಾಲ್ಕನ್ನೂ ತಗೊಂಡೆ. ಬೇಗ ಮುಗಿಸಿ ತೋರಿಸಬೇಕಿತ್ತು, ಅಲ್ವಾ! ಸ್ಟ್ಯಾಟಿಕ್ಸಿನ ಮೊದಲ ಮಿಡ್‌ಟರ್ಮಿನಲ್ಲಿ 38. ಅದರಲ್ಲಿ ಅರ್ಧ ನಷ್ಟ ಪೌಂಡಿನಿಂದ. ಪಿಯುಸಿಯಿಂದ ಕೆಜಿ ಕಂಡರೆ ಗುರುತ್ವದ 9.8ರಿಂದ ಗುಣಿಸಿ ಅಭ್ಯಾಸ. ಇಲ್ಲಿ ಪೌಂಡ್ ಕಂಡ ಕಡೆಯೆಲ್ಲಾ ಅದನ್ನೇ ಅಡಿ ಲೆಕ್ಕಕ್ಕೆ ತಂದ 32.2ರಿಂದ ಗುಣಿಸಿದ್ದೆ. ಪೌಂಡ್ ಆಗಲೇ ತೂಕ, ಅಂದರೆ ಬಲ. ಗುಣಿಸುವ ಹಾಗಿಲ್ಲ. ಆಮೇಲೆ ಕ್ಯಾಲ್ಕುಲಸ್ ಮತ್ತು ಮೆಟೀರಿಯಲ್ಸ್ ಎರಡನ್ನೂ ಬಿಟ್ಟೆ. ಫೀಸ್ ವಾಪಸ್ ಕೊಡುವ ಗಡುವು ಎರಡನೇ ವಾರಕ್ಕೇ ಮುಗಿದಿತ್ತು. ನಾನೂರು ಡಾಲರ್ ಚಿಲ್ಲರೆ ಹೋಯಿತು, ಅಂಕಪಟ್ಟಿಯಲ್ಲಿ ಕ್ಲಾಸು ಬಿಟ್ಟ ಗುರುತಾಗಿ ಎರಡು ಡಬ್ಲ್ಯೂ ಕೂತವು. ಮ್ಯಾಟ್‌ಲ್ಯಾಬ್‌ನಲ್ಲಿ ಬಿ. ಸ್ಟ್ಯಾಟಿಕ್ಸ್ ಕಥೆ ಮೇಲೇ ಹೇಳಿದೆ. ಟೆಸ್ಟಿಂಗ್ ಕೋರ್ಸಿನ ಮಾತು ಮತ್ತೆ ಶುರುವಾಯಿತು.

ಅಲ್ಲಿಂದ ಮುಂದೆ ಜೋಡೆತ್ತು. ಸೆಮಿಸ್ಟರಿಗೆ ಒಂದು ಗಣಿತ, ಒಂದು ಎಂಜಿನಿಯರಿಂಗ್ ಅಥವಾ ಫಿಸಿಕ್ಸ್, ಅಷ್ಟೇ. ಮೂರನೆಯದನ್ನು ಕಟ್ಟಿದರೆ ಗಾಡಿ ನಿಲ್ಲುತ್ತದೆ. ಎಲ್ಲರೂ ನಿಧಾನ ಆಯಿತು ಅಂದರು. ಆಗಲಿ ಅಂದುಕೊಂಡೆ.

ಎರಡನೇ ಸಲದ ಸ್ಟ್ಯಾಟಿಕ್ಸಿಗೆ ಗ್ಯಾರೇಜು. ನೋಟ್‌ಬುಕ್ಕಿನಲ್ಲಿ ಎಫ್‌ಬಿಡಿ (ಒಂದು ಭಾಗವನ್ನು ಬಿಡಿಸಿಟ್ಟು ಅದರ ಮೇಲೆ ಬೀಳುವ ಬಲಗಳನ್ನು ಬಾಣಗಳಲ್ಲಿ ತೋರಿಸುವ ಚಿತ್ರ) ಬರೆದರೆ ನನ್ನ ಕಣ್ಣು ಮೂಲ ಚಿತ್ರದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಂದು ಬಲ ಬಿಟ್ಟೇ ಹೋಗುತ್ತಿತ್ತು. ಕಾರನ್ನು ರಸ್ತೆಗೆ ಹಾಕಿ, ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆರಡಿ ಉದ್ದ ಬರೆಯತೊಡಗಿದೆ. ಬಿಡಿಭಾಗವನ್ನು ಬರೆದು ಅದರ ಸುತ್ತ ನಿಜವಾಗಿ ಒಂದು ಸುತ್ತು ನಡೆಯುವುದು. ಹೆಜ್ಜೆ ಹೆಜ್ಜೆಗೂ, ಇಲ್ಲಿ ಯಾರು ಇದನ್ನು ಮುಟ್ಟುತ್ತಿದ್ದಾರೆ ಅಂತ ಕೇಳಿಕೊಳ್ಳುವುದು. ಆಧಾರವಾಗಿ ರೋಲರ್ ಇದ್ದರೆ ಒಂದು ಬಾಣ, ಪಿನ್ ಇದ್ದರೆ ಎರಡು, ಗೋಡೆಗೆ ಹೂತಿದ್ದರೆ ಎರಡು ಬಾಣದ ಜೊತೆ ಒಂದು ಮೊಮೆಂಟ್, ಅಂದರೆ ತಿರುಗಿಸುವ ಪರಿಣಾಮ. ಗೊತ್ತಿಲ್ಲದ ಬಲ ಕೆಂಪು ಸುಣ್ಣದಲ್ಲಿ. ಸುತ್ತು ಮುಗಿಯುವ ತನಕ ಸಮೀಕರಣ ಬರೆಯುವ ಹಾಗಿಲ್ಲ. ಹಲವು ಸದಸ್ಯಗಳನ್ನು ಜೋಡಿಸಿದ ಚೌಕಟ್ಟಿನ, ಅಂದರೆ ಫ್ರೇಮ್ ಲೆಕ್ಕದಲ್ಲಿ ಇದರ ರುಚಿ ಗೊತ್ತಾಗುತ್ತದೆ. ಪ್ರತಿ ಸದಸ್ಯವನ್ನೂ ಬೇರೆ ಬೇರೆ ಜಾಗದಲ್ಲಿ ಬರೆದು, ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಿ ಬಾಣ ತಿರುಗಿಸಿ ಹಾಕಿ. ಕಾಲಿಗೆ ನೆನಪಿರುತ್ತದೆ. ಎರಡೇ ತುದಿಯಲ್ಲಿ ಬಲ ಬೀಳುವ ಕಡ್ಡಿಯನ್ನು ಮೊದಲು ಹುಡುಕಿ, ಅರ್ಧ ಲೆಕ್ಕ ಅಲ್ಲೇ ಕರಗುತ್ತದೆ. ಮೊಮೆಂಟ್ ಯಾವ ಬಿಂದುವಿನಲ್ಲಿ ತಗೊಳ್ಳಬೇಕು ಅನ್ನುವುದಕ್ಕೆ ನಾನೇ ಮಾಡಿಕೊಂಡ ಒಂದು ಪಟ್ಟಿ ಇದೆ. ಅದು ಕೊಡಲ್ಲ, ನೀವೇ ಮಾಡಿಕೊಂಡರೇ ಅಂಟುವುದು.

ಸುಮಾರು 300 ಲೆಕ್ಕ ಮಾಡಿರಬೇಕು. ಮೊದಲು ಒಂದಕ್ಕೆ ಇಪ್ಪತ್ತು ನಿಮಿಷ, ಕೊನೆಗೆ ಎಂಟು. ಸೀಮೆಸುಣ್ಣಕ್ಕೆ ಹನ್ನೆರಡು ಡಾಲರೂ ಆಗಲಿಲ್ಲ. ಅದರಲ್ಲೂ ಅರ್ಧ ಮಗಳು ರಂಗೋಲಿಗೆ ಖರ್ಚು ಮಾಡಿದಳು. ಕ್ಯಾಲ್ಕುಲೇಟರ್ ತಿಪಟೂರಿನಿಂದ ತರಿಸಿದ ಕ್ಯಾಸಿಯೊ ಎಫ್‌ಎಕ್ಸ್-991, ಸಾವಿರದ ಮುನ್ನೂರು ರೂಪಾಯಿ ಆಸುಪಾಸು. ಮೂರು ಅಜ್ಞಾತಗಳ ಸಮೀಕರಣ ಬಿಡಿಸುತ್ತದೆ, ಸರ್ಕ್ಯೂಟ್ಸ್ ಕ್ಲಾಸಿನ ಸಂಕೀರ್ಣ ಸಂಖ್ಯೆಗಳನ್ನೂ ನುಂಗುತ್ತದೆ. ಮುಂದೆ ಎಂಜಿನಿಯರ್ ಲೈಸೆನ್ಸಿನ ಮೊದಲ ಮೆಟ್ಟಿಲಾದ ಎಫ್‌ಇ ಪರೀಕ್ಷೆಗೂ ಇದೇ ನಡೆಯುತ್ತದೆ. ನೂರು ಡಾಲರ್ ದಾಟುವ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕ್ಲಾಸಿನವರೆಲ್ಲಾ ಕೊಂಡಿದ್ದರು. ಸ್ಟ್ಯಾಟಿಕ್ಸ್ ಪರೀಕ್ಷೆಯಲ್ಲಿ ಮೇಷ್ಟ್ರು ಅದನ್ನು ಬಿಡಲೇ ಇಲ್ಲ. ಅಂದಹಾಗೆ ಮೇಷ್ಟ್ರನ್ನು ಹೆಸರು ಹಿಡಿದು ಕರೆಯಿರಿ ಅಂತಾರೆ ಇಲ್ಲಿ. ನನ್ನ ಬಾಯಿಗೆ ಕೊನೆಯವರೆಗೂ ಬರಲಿಲ್ಲ, ಸರ್ ಅಂತಲೇ ಕರೆದೆ. ಅನುಮಾನ ಕೇಳಲು ಅವರು ಇಟ್ಟ ಆಫೀಸ್ ಅವರ್ಸ್‌ಗೆ ಪ್ರತಿ ಮಂಗಳವಾರ ಹೋದವಳು ನಾನೊಬ್ಬಳೇ.

ಸರ್ಕ್ಯೂಟ್ಸ್ ಮಾಡುವಾಗ ಕೊಂಡ ಆರ್ಡುಯಿನೊ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡು) ಸುಮ್ನೆ ಬಿದ್ದಿತ್ತು. ಚಳಿಗಾಲದಲ್ಲಿ ನಮ್ಮನೆ ದೋಸೆ ಹಿಟ್ಟು ಉಬ್ಬುವುದೇ ಇಲ್ಲ. ಅದಕ್ಕೆ ಉಷ್ಣಾಂಶ ಅಳೆಯುವ ಟಿಎಂಪಿ36 ಸೆನ್ಸರ್ ಹಾಕಿ ನೋಡಿದೆ. ಕಟ್ಟೆಯ ಮೇಲೆ 17 ಡಿಗ್ರಿ, ಬರೀ ದೀಪ ಹಾಕಿದ ಅವನ್ ಒಳಗೆ 32ರ ಹತ್ತಿರ. ಹದಿನೆಂಟು ಗಂಟೆಯ ಕೆಲಸ ಒಂಬತ್ತಕ್ಕೆ ಇಳಿಯಿತು. ಒಂದು ರಾತ್ರಿ ವೈರ್ ಹಿಟ್ಟಿನೊಳಗೆ ಬಿದ್ದು ಸೆನ್ಸರೂ ಹೋಯಿತು, ಹಿಟ್ಟೂ ಹೋಯಿತು.

ಇನ್ನೊಂದು ತಪ್ಪು ಹೇಳಿಬಿಡುತ್ತೇನೆ. ಯಾವ ಕ್ಲಾಸು ಯಾವ ಯೂನಿವರ್ಸಿಟಿಯಲ್ಲಿ ಲೆಕ್ಕಕ್ಕೆ ಬರುತ್ತದೆ ಅಂತ ತೋರಿಸುವ ಅಸಿಸ್ಟ್ ವೆಬ್‌ಸೈಟ್ ನೋಡದೆ ಒಂದು ಆಟೊಕ್ಯಾಡ್ (ಕಂಪ್ಯೂಟರ್ ಡ್ರಾಯಿಂಗ್) ಕ್ಲಾಸು ಮಾಡಿದೆ. ನನ್ನ ಮೇಜರಿಗೆ, ಅಂದರೆ ಮುಖ್ಯ ವಿಷಯಕ್ಕೆ, ಅದು ಲೆಕ್ಕಕ್ಕೇ ಇಲ್ಲ. 138 ಡಾಲರ್, ಒಂದು ಬೇಸಿಗೆ ಎರಡೂ ಹೋದವು. ಕಮ್ಯುನಿಟಿ ಕಾಲೇಜಿನಲ್ಲಿ ಎಲ್ಲಾ ಸೇರಿ ನಾಲ್ಕು ವರ್ಷ, ಅರವತ್ತು ಚಿಲ್ಲರೆ ಯೂನಿಟ್. ಹಳೇ ಎಡಿಷನ್ ಪುಸ್ತಕ, ಪಾರ್ಕಿಂಗ್, ನನ್ನ ದಡ್ಡತನದ ದಂಡ ಎಲ್ಲಾ ಸೇರಿಸಿದರೂ ಐದು ಸಾವಿರ ಡಾಲರಿನ ಆಸುಪಾಸು. ಈಗ ಟ್ರಾನ್ಸ್‌ಫರ್ ಆಗಿ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮೆಕ್ಯಾನಿಕಲ್, ಮೂರನೇ ವರ್ಷ.

ಪಕ್ಕದ ಮನೆಯವರ ಮಗ ಈ ಸಲ ಸ್ಟ್ಯಾಟಿಕ್ಸ್ ತಗೊಂಡಿದ್ದಾನೆ. ಮೊನ್ನೆ ಅವರೇ ಬಂದು, ಊರಿಂದ ಬರುವವರು ಯಾರಾದರೂ ಇದ್ದರೆ ಆ ಕ್ಯಾಸಿಯೊ ಒಂದು ತರಿಸಿಕೊಡಿ ಅಂದರು. ಕಪಾಟಿನಲ್ಲಿ ಇನ್ನೊಂದು ಇತ್ತು, ಕೊಟ್ಟೆ. ಟೆಸ್ಟಿಂಗ್ ಕೋರ್ಸಿನ ಮಾತು ಇಬ್ಬರೂ ಎತ್ತಲಿಲ್ಲ.