ಟಿನ್ನಿನಿಂದ ಸ್ಲ್ಯಾಬಿನವರೆಗೆ: ಪೋಕೆಮಾನ್ ಕಾರ್ಡನ್ನು ನಾನು ಪರೀಕ್ಷಿಸುವ ಬಗೆ

ಪೋಕೆಮಾನ್ ಕಾರ್ಡುಗಳು ಬರುವ ತಗಡಿನ ಡಬ್ಬಿ, ಅಂದರೆ ಟಿನ್, ಬಿಚ್ಚಿದ ಕೂಡಲೇ ಎಲ್ಲರ ಕೈ ಒಳಗೆ ಯಾವ ಕಾರ್ಡಿದೆಯೆಂದು ಗೊತ್ತಿಲ್ಲದ ಬೂಸ್ಟರ್ ಪ್ಯಾಕುಗಳ ಕಡೆಗೆ ಹೋಗುತ್ತದೆ. ನಾನು ಮೊದಲು ಎತ್ತಿಕೊಳ್ಳುವುದು ಟಿನ್ನಿನ ಜೊತೆ ಬರುವ ಪ್ರೋಮೋ ಕಾರ್ಡನ್ನು. ಅದೇ ಟಿನ್ ಕೊಂಡ ಪ್ರತಿಯೊಬ್ಬರ ಮನೆಯಲ್ಲೂ ಅದೇ ಪ್ರೋಮೋ ಇರುವುದರಿಂದ, ಹೊಸ ಟಿನ್ನಿನ ಬರಿಯ ಪ್ರೋಮೋಗೆ ಹೆಚ್ಚು ಬೆಲೆಯಿಲ್ಲ. ಕಾರ್ಡ್ ಎಷ್ಟು ಕಳಂಕವಿಲ್ಲದೆ ಉಳಿದಿದೆ ಎನ್ನುವುದರ ಮೇಲೆಯೇ ಅದರ ಬೆಲೆ. ಮಂಗಳೂರಿನಲ್ಲಿದ್ದುಕೊಂಡು ಕಾರ್ಡನ್ನು ವಿದೇಶಕ್ಕೆ ಗ್ರೇಡಿಂಗಿಗೆ, ಅಂದರೆ ಅದರ ಸ್ಥಿತಿಗೆ ಹತ್ತರೊಳಗೆ ಅಂಕ ಕೊಟ್ಟು ಸ್ಲ್ಯಾಬ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿಕೊಡುವ ಸಂಸ್ಥೆಗೆ, ಕಳಿಸುವುದೆಂದರೆ ಶುಲ್ಕ, ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಕಾರ್ಡಿಗಿಂತ ದುಬಾರಿಯಾಗಬಹುದು. ಹಾಗಾಗಿ ಮೊದಲ ಗ್ರೇಡಿಂಗ್ ನನ್ನ ಮೇಜಿನ ಮೇಲೆಯೇ ಆಗಬೇಕು.

ಆರಂಭ ಸೆಂಟರಿಂಗಿನಿಂದ, ಅಂದರೆ ಚಿತ್ರ ಕಾರ್ಡಿನ ನಟ್ಟನಡುವೆ ಕೂತಿದೆಯೇ ಎಂಬುದರಿಂದ. ಕಾರ್ಡಿನ ಅಳತೆ 63 ಮಿ.ಮೀ. ಅಗಲ, 88 ಮಿ.ಮೀ. ಎತ್ತರ. ಕಾರ್ಖಾನೆಯಲ್ಲಿ ಹಾಳೆ ಕತ್ತರಿಸುವಾಗ ಕೂದಲೆಳೆಯಷ್ಟು ಸರಿದರೂ ಅಂಚಿನ ಪಟ್ಟಿ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಎಡಗಡೆ 2.2 ಮಿ.ಮೀ., ಬಲಗಡೆ 1.8 ಇದ್ದರೆ ಅದು ಶೇಕಡಾ ಲೆಕ್ಕದಲ್ಲಿ 55–45. ಎಡ 2.4, ಬಲ 1.6 ಆದರೆ 60–40. ಪಿಎಸ್‌ಎ ಎಂಬ ಅಮೆರಿಕದ ಗ್ರೇಡಿಂಗ್ ಸಂಸ್ಥೆಯಿಂದ 10 ಬರಬೇಕಾದರೆ ಮುಂಭಾಗ ಸುಮಾರು 55–45ರೊಳಗೆ, ಹಿಂಭಾಗ 75–25ರೊಳಗೆ ಇರಬೇಕು. ಮುಂಭಾಗ 60–40ಕ್ಕೆ ಹೋದರೆ ಹೆಚ್ಚೆಂದರೆ 9. ಪಟ್ಟಿ 0.2 ಮಿ.ಮೀ. ಆಚೀಚೆಯಾದರೆ ಒಂದು ಗ್ರೇಡ್ ಹೋಯಿತು! ಸ್ಕೇಲು ಇಟ್ಟು ಇದನ್ನು ಅಳೆಯುವುದು ಆಗದ ಮಾತು. ಕಾರ್ಡನ್ನು ಸ್ಲೀವ್ ಎಂಬ ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತೇನೆ. ಒಂದು ಮಿಲಿಮೀಟರಿಗೆ ಸುಮಾರು 24 ಪಿಕ್ಸೆಲ್ ಸಿಗುತ್ತದೆ, ಪರದೆಯ ಮೇಲೆ ಎಣಿಸಿದರೆ ವಾದಕ್ಕೆ ಜಾಗವಿಲ್ಲ. 2023ರಲ್ಲಿ ಇಂಗ್ಲಿಷ್ ಕಾರ್ಡುಗಳ ಹಳದಿ ಅಂಚು ಹೋಗಿ ಬೂದು ಅಂಚು ಬಂದಿದೆ. ಹಳದಿಯಲ್ಲಿ ಸರಕ್ಕನೆ ಕಾಣುತ್ತಿದ್ದ ಓರೆ ಬೂದಿನಲ್ಲಿ ನನ್ನ ಕಣ್ಣಿಗೆ ಸುಲಭವಾಗಿ ಸಿಗುವುದಿಲ್ಲ, ಸ್ಕ್ಯಾನ್ ಈಗ ಇನ್ನೂ ಅಗತ್ಯ.

ಸೆಂಟರಿಂಗಿನಲ್ಲಿ ಬಿದ್ದ ಕಾರ್ಡನ್ನು ನಾನು ಮುಂದೆ ನೋಡುವುದೇ ಇಲ್ಲ. ಉಳಿದದ್ದನ್ನು ಮಗುಚಿ ಹಿಂಭಾಗ ನೋಡುತ್ತೇನೆ. ಅಲ್ಲಿನ ಕಡು ನೀಲಿ ಅಂಚಿನಲ್ಲಿ ಸವೆದ ಪ್ರತಿ ಚುಕ್ಕೆಯೂ ಬಿಳಿಯಾಗಿ ಎದ್ದು ಕಾಣುತ್ತದೆ. ನಾವು ಇದಕ್ಕೆ ವೈಟ್ನಿಂಗ್ ಅನ್ನುತ್ತೇವೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನಾಲ್ಕು ಮೂಲೆ, ನಾಲ್ಕು ಅಂಚು. ಆಮೇಲೆ ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಕಾರ್ಡಿನ ಮಟ್ಟಕ್ಕೆ ತಂದು ಓರೆಯಾಗಿ ಬೆಳಕು ಬಿಡುತ್ತೇನೆ. ಹೊಳೆಯುವ ಹೋಲೋ ಮೇಲ್ಮೈಯ ಗುಟ್ಟು ಹೊರಬೀಳುವುದು ಆಗಲೇ. ರೂಲು ದೊಣ್ಣೆ ಇಟ್ಟು ಎಳೆದಷ್ಟು ನೇರವಾದ ಗೆರೆ ಸಾಮಾನ್ಯವಾಗಿ ಮುದ್ರಣದ್ದು, ಅಡ್ಡಾದಿಡ್ಡಿ ಇದ್ದರೆ ಗೀರು. ತಪ್ಪು ಕಾರ್ಖಾನೆಯದೋ ಕೈಯದೋ, ಗ್ರೇಡ್ ಮಾತ್ರ ಇಳಿಯುತ್ತದೆ. ಬೆಕೆಟ್ ಎಂಬ ಇನ್ನೊಂದು ಗ್ರೇಡಿಂಗ್ ಸಂಸ್ಥೆ ತನ್ನ ಲೇಬಲ್ಲಿನಲ್ಲಿ ಸೆಂಟರಿಂಗ್, ಮೂಲೆ, ಅಂಚು, ಮೇಲ್ಮೈ ಎಂದು ನಾಲ್ಕು ಅಂಕ ಕೊಡುವ ಕ್ರಮ ನನಗೆ ತುಂಬ ಇಷ್ಟ. ನನ್ನ ಚೀಟಿಯಲ್ಲೂ ಆ ನಾಲ್ಕನ್ನೇ ಬರೆಯುತ್ತೇನೆ. ನಾಲ್ಕರಲ್ಲಿ ಕಡಿಮೆ ಬಂದ ಅಂಕವೇ ನನ್ನ ನಿರ್ಧಾರ, ಸರಾಸರಿ ಹಾಕಿ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುವುದಿಲ್ಲ.

ಇನ್ನು ಕರಾವಳಿಯ ಮಳೆಗಾಲ. ಹೋಲೋ ಕಾರ್ಡಿನ ಕಾಗದ ತೇವ ಹೀರಿ ಹಿಗ್ಗುತ್ತದೆ, ಮುಂದಿನ ಹೊಳೆಯುವ ಪದರ ಹಿಗ್ಗುವುದಿಲ್ಲ, ಕಾರ್ಡ್ ಮುಂದಕ್ಕೆ ಬಾಗುತ್ತದೆ. ಹೀಗೆ ಬಾಗಿದ್ದನ್ನು ಸ್ಲೀವಿಗೆ ತೂರಿಸುವಾಗ ಮೂಲೆ ತಾಗುತ್ತದೆ. ಟಿನ್ನಿನಲ್ಲಿಟ್ಟರೆ ಭದ್ರ ಎಂದು ಬಹಳ ಜನ ನಂಬಿದ್ದಾರೆ, ನಾನು ಒಪ್ಪುವುದಿಲ್ಲ. ಅದರ ಮುಚ್ಚಳ ಗಾಳಿಯನ್ನು ತಡೆಯುವುದಿಲ್ಲ, ಆಷಾಢದಲ್ಲಿ ಅಂಚಿಗೆ ತುಕ್ಕು ಹಿಡಿಯುತ್ತದೆ, ಒಳಗೆ ಜಾಗ ಉಳಿದರೆ ಕಾರ್ಡುಗಳು ಒಂದಕ್ಕೊಂದು ಉಜ್ಜಿಕೊಳ್ಳುತ್ತವೆ. ನಾನು ಸ್ಲೀವ್ ಹಾಕಿದ ಕಾರ್ಡುಗಳನ್ನು ಅಡುಗೆಮನೆಯ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಮತ್ತು ತೇವ ತೋರಿಸುವ ಪುಟ್ಟ ಮೀಟರಿನ ಜೊತೆ ಇಡುತ್ತೇನೆ. ಮುಳ್ಳು 45ರಿಂದ 50 ಶೇಕಡಾದ ನಡುವೆ ಇರಬೇಕು. ತೀರ ಒಣಗಿದರೆ ಕಾರ್ಡ್ ಹಿಂದಕ್ಕೆ ಬಾಗಲು ಶುರು. ಸಿಲಿಕಾ ಜೆಲ್ಲಿನ ಕಿತ್ತಳೆ ಹರಳು ತೇವ ಹೀರಿ ಹಸಿರಾದಾಗ ತೆಗೆದು ಒಣಗಿಸಿ ಮತ್ತೆ ಹಾಕಿದರಾಯಿತು.

ನೆರೆಮನೆಯ ಹುಡುಗ ಆಗಾಗ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡುಗಳ ಕಟ್ಟು ಹಿಡಿದು ಬರುತ್ತಾನೆ. "ಅಂಕಲ್, ಇದನ್ನು ಗ್ರೇಡಿಂಗಿಗೆ ಕಳಿಸಬಹುದಾ?" ಸ್ಟೇಷನರಿ ಅಂಗಡಿಗಳಲ್ಲಿ ನೇತಾಡುವ ಆ ಕಟ್ಟುಗಳು ನಕಲಿ. "ಇಲ್ಲ ಮಗಾ, ಇದು ಆಡಲಿಕ್ಕೆ ಮಾತ್ರ" ಎಂದು ನೇರವಾಗಿ ಹೇಳಿ, ಪಕ್ಕದಲ್ಲಿ ಅಸಲಿ ಕಾರ್ಡ್ ಇಟ್ಟು ತೋರಿಸುತ್ತೇನೆ. ಮಕ್ಕಳು ಬೇಗ ಗುರುತು ಹಿಡಿಯುತ್ತಾರೆ.

ಸಂಸ್ಥೆಯ ಅಂಕವನ್ನೇ ಕಣ್ಣು ಮುಚ್ಚಿ ನಂಬುವ ಗೆಳೆಯರಿಗೆ ನಾನು ಹಳೆಯ ಕಾಲದ ಆಟಗಾರ ಹೋನಸ್ ವಾಗ್ನರ್ ಕಾರ್ಡಿನ ಕಥೆ ಹೇಳುತ್ತೇನೆ. 1991ರಲ್ಲಿ ಪಿಎಸ್‌ಎ ಮೊಟ್ಟಮೊದಲು ಗ್ರೇಡ್ ಮಾಡಿದ್ದು ಆ ಬೇಸ್‌ಬಾಲ್ ಕಾರ್ಡನ್ನು, ಕೊಟ್ಟ ಅಂಕ 8. ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ ಹರಾಜುದಾರ ಬಿಲ್ ಮ್ಯಾಸ್ಟ್ರೋ 2013ರಲ್ಲಿ ಒಪ್ಪಿಕೊಂಡ. ಕತ್ತರಿಸಿದ, ಬಣ್ಣ ತುಂಬಿದ ಕಾರ್ಡುಗಳಿಗೆ ಅಂಕ ಕೊಡಬಾರದೆನ್ನುವುದೇ ನಿಯಮ. ಅದಕ್ಕೇ ನಾನು ಯಾವ ಕಾರ್ಡಿಗೂ ಕತ್ತರಿ, ಪೆನ್ನು, ಇಸ್ತ್ರಿ ತಾಗಿಸುವುದಿಲ್ಲ. ಬೇರೆಯವರಿಂದ ಸ್ಲ್ಯಾಬ್ ಕೊಳ್ಳುವಾಗಲೂ ಮೊದಲು ಕಾರ್ಡ್, ಆಮೇಲೆ ಲೇಬಲ್.

ಕಳಿಸುವ ಕಾರ್ಡಿಗೆ ತೆಳು ಸ್ಲೀವ್ ಹಾಕಿ, ಬಾಗುವ ಸೆಮಿ-ರಿಜಿಡ್ ಹೋಲ್ಡರಿನಲ್ಲಿ ಇಡುತ್ತೇನೆ. ಗಟ್ಟಿ ಟಾಪ್‌ಲೋಡರ್ ಮನೆಯಲ್ಲಿಡಲಿಕ್ಕೆ ಚೆನ್ನ, ಗ್ರೇಡಿಂಗಿಗೆ ಬೇಡ. ಹೋಲ್ಡರುಗಳ ಕಟ್ಟನ್ನು ಎರಡು ರಟ್ಟುಗಳ ನಡುವೆ ಇಟ್ಟು ರಬ್ಬರ್ ಬ್ಯಾಂಡ್ ಹಾಕುತ್ತೇನೆ, ರಟ್ಟು ಕಾರ್ಡಿಗಿಂತ ಸುತ್ತಲೂ ಒಂದು ಬೆರಳು ದೊಡ್ಡದಿರಬೇಕು. ಪೆಟ್ಟಿಗೆ ಮುಚ್ಚುವ ಮೊದಲು ಸ್ಕ್ಯಾನಿನ ಪ್ರತಿ ಮತ್ತು ನನ್ನ ನಾಲ್ಕು ಅಂಕದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಗ್ರೇಡ್ ಬಂದ ದಿನ ಅವರ ಅಂಕವನ್ನೂ ನನ್ನದನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಲ್ಲ.