ಚಿನ್ನ ಬಿಟ್ಟು ಮಸಿ ಹಿಡಿದೆ: ಬೆಳಕಿನ ಕಾವಿನಲ್ಲಿ ಎಡ-ಬಲ ಬೇರೆ ಮಾಡಿದ್ದು

"ಬಿಸಿ ಮಾಡೋಕೆ ಹಾಟ್‌ಪ್ಲೇಟ್ ಇದೆಯಲ್ಲ, ಲೈಟ್ ಯಾಕೆ?" ಲ್ಯಾಬಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಕೆಲವು ಅಣುಗಳು ಎಡಗೈ-ಬಲಗೈ ಹಾಗೆ, ಒಂದಕ್ಕೊಂದು ಕನ್ನಡಿ ಬಿಂಬವಾದ ಎರಡು ರೂಪದಲ್ಲಿರುತ್ತವೆ. ಈಗ ಅವನ್ನು ಬೇರ್ಪಡಿಸುವ ಕೈರಲ್ ಕಾಲಮ್ ಇಲ್ಲದೆ, ಗಾಜಿನ ಮಣಿ ಹಾಕಿ ಅರೆಯದೆ, ಎರಡೂ ಬೆರೆತ (ರೇಸಿಮಿಕ್) ಪುಡಿಯೆಲ್ಲ ಹೆಚ್ಚುಕಮ್ಮಿ ಒಂದೇ ಕಡೆಗೆ ಬಂದಿದೆ. ಕೇಳಿದವರೇ ಈಗ ಸೆಟಪ್ ಫೋಟೊ ತೆಗೆಯುತ್ತಿದ್ದಾರೆ.

ತೆಗೆದುಕೊಂಡದ್ದು ಫಿನೈಲ್‌ಗ್ಲೈಸಿನಮೈಡ್ ಎಂಬ ಅಮೈನೊ ಆಮ್ಲ ಸಂಬಂಧಿಯ ಇಮೈನ್, ಜೊತೆಗೆ ದ್ರಾವಣದಲ್ಲಿ ಎಡವನ್ನು ಬಲಕ್ಕೂ ಬಲವನ್ನು ಎಡಕ್ಕೂ ತಿರುಗಿಸುತ್ತಲೇ ಇರುವ ಕ್ಷಾರ ಡಿಬಿಯು. 2005ರಲ್ಲಿ ವಿಯೆಡ್ಮಾ ಎಂಬ ವಿಜ್ಞಾನಿ ಸೋಡಿಯಂ ಕ್ಲೋರೇಟಿನ ಎಡ-ಬಲ ಹರಳುಗಳನ್ನು ಅರೆದು ಒಂದೇ ಬಗೆಗೆ ತಂದರು, 2008ರಲ್ಲಿ ಬೇರೆ ತಂಡ ಈ ಇಮೈನಿಗೂ ಅದೇ ದಾರಿ ಹಿಡಿಯಿತು. ಅರೆಯುವ ಬದಲು ಬಿಸಿ-ತಂಪು ಮಾಡಿದರೂ ನಡೆಯುತ್ತದೆ: ಹರಳು ಸ್ವಲ್ಪ ಕರಗಿ ಮತ್ತೆ ಬೆಳೆಯುವಾಗ, ಹೆಚ್ಚಿರುವ ರೂಪ ಇನ್ನೂ ಹೆಚ್ಚುತ್ತದೆ. ಆದರೆ ಸುತ್ತ ಬಿಸಿ-ತಣ್ಣೀರು ಹರಿಸುವ ಜಾಕೆಟ್ ಪಾತ್ರೆಯಲ್ಲಿ ಒಂದೊಂದು ಸುತ್ತಿಗೂ ಅರ್ಧ ಗಂಟೆ. ಬೆಳಕು ಹೀರಿ ಕಾಯುವ ಕಣಗಳನ್ನು ಒಳಗೇ ಹಾಕಿದರೆ ಸ್ವಿಚ್ ಆರಿಸಿದ ಕೂಡಲೇ ಕಾವು ಇಳಿಯತೊಡಗುತ್ತದೆ.

ಮೊದಲು ಚಿನ್ನದ ನ್ಯಾನೊರಾಡ್ (ಅತಿ ಸಣ್ಣ ಕಡ್ಡಿಗಳು), 808 ನ್ಯಾನೊಮೀಟರ್ ಲೇಸರ್. ಲೇಸರಿಗೇ ಇಪ್ಪತ್ತು ಸಾವಿರದ ಮೇಲೆ ಹೋಯಿತು, ಕಡ್ಡಿ ಮಾಡೋಕೆ ಬೇಕಾದ ಗೋಲ್ಡ್ ಕ್ಲೋರೈಡಿನ ಬಿಲ್ ಬೇರೆ. ಡಿಸೆಂಬರಿನ ಬೆಂಗಳೂರಿನಲ್ಲಿ ಬೆಳಿಗ್ಗೆ ಬಂದು ನೋಡಿದರೆ ಸಿಟ್ಯಾಬ್ (ಕಡ್ಡಿಗಳು ಒಂದಕ್ಕೊಂದು ಅಂಟದಂತೆ ಸುತ್ತುವ ಸಾಬೂನಿನಂಥ ವಸ್ತು) ಬಾಟಲಿ ತುಂಬ ಬಿಳಿ ಸೂಜಿಗಳು. ಬೆಚ್ಚಗೆ ಮಾಡಿ ಕರಗಿಸಿ ಇಮೈನ್ ಇದ್ದ ದ್ರಾವಕಕ್ಕೆ ಹಾಕಿದರೆ ಕಂದುಗೆಂಪು ಹೋಗಿ ಬೂದು ಬಣ್ಣ, ತಳದಲ್ಲಿ ಗಸಿ. ಚಿನ್ನಕ್ಕೆ ಥಯೋಲ್-ಪೆಗ್ ಎಂಬ ಪಾಲಿಮರ್ ಹಚ್ಚಿದ ಮೇಲೆ ಗಸಿಯಾಗದೆ ನಿಂತಿತು, ಕೆಲಸವೂ ಮಾಡಿತು. ಆದರೆ ಪ್ರತಿ ಬ್ಯಾಚಿಗೂ ಚಿನ್ನ ಸುರಿಯೋಕೆ ಯಾರಿಂದ ಆಗುತ್ತೆ?

ಕೊನೆಗೆ ಕಾರ್ಬನ್ ಬ್ಲ್ಯಾಕ್, ಅಂದರೆ ಬರೀ ಮಸಿ. ಲೇಸರೂ ಬೇಡ, ಸಾದಾ ಬಿಳಿ ಎಲ್‌ಇಡಿ ಸಾಕು. ಜಾಸ್ತಿ ಹಾಕಿದರೆ ಮೇಲಿನ ಪದರವಷ್ಟೇ ಕಾಯುತ್ತದೆ, ಒಳಗೆ ತಣ್ಣಗೇ ಇರುತ್ತದೆ. ಬಾಟಲಿಯ ಆಚೆ ಹಿಡಿದ ಬೆರಳು ಮಬ್ಬಾಗಿ ಕಾಣುವಷ್ಟು ಇದ್ದರೆ ಸರಿ. ಆನ್ ಎಷ್ಟು ಹೊತ್ತು, ಆಫ್ ಎಷ್ಟು ಹೊತ್ತು ಅನ್ನೋದನ್ನ ಸದ್ಯಕ್ಕೆ ನಾನೇ ಇಟ್ಟುಕೊಳ್ಳುತ್ತೇನೆ. ಒಂದು ರೂಪ ಇನ್ನೊಂದಕ್ಕಿಂತ ಐದು ಪರ್ಸೆಂಟ್‌ನಷ್ಟು ಹೆಚ್ಚಿರುವಂತೆ ಹರಳು ಹಾಕಿ ಶುರು ಮಾಡಿದ್ದು, ಆ ಹೆಚ್ಚಳ ಎರಡು-ಮೂರು ದಿನದಲ್ಲಿ 98 ಪರ್ಸೆಂಟ್ ಆಸುಪಾಸಿಗೆ ಬಂತು. ಮಸಿ ಹಾಕದ ಬಾಟಲಿ ಅದೇ ಲೈಟಿನ ಕೆಳಗೆ ಇದ್ದಲ್ಲೇ ಇತ್ತು.

ನಡುವೆ ಸುಮ್ನೆ ಸರ್ಕ್ಯುಲರ್ ಪೋಲರೈಸ್ಡ್ ಬೆಳಕನ್ನೂ (ಎಡಕ್ಕೋ ಬಲಕ್ಕೋ ಸುತ್ತುತ್ತ ಸಾಗುವ ಬೆಳಕು) ಬಿಟ್ಟು ನೋಡಿದೆ. ಎಡಕ್ಕೋ ಬಲಕ್ಕೋ ಅಂತ ನಿರ್ಧರಿಸಿದ್ದು ಮೊದಲು ಹಾಕಿದ ಹರಳೇ, ಬೆಳಕಲ್ಲ. ಕ್ಲೋರೇಟ್ ಮೇಲೆ ಮಾತ್ರ ಈ ಮಸಿ ಪ್ರಯೋಗ ಬೇಡವೇ ಬೇಡ, ಅದು ಪಟಾಕಿ ಮದ್ದು. ಅಲ್ಲಿಗೆ ಚಿನ್ನವೇ ಗತಿ.

ಮಸಿ ತೆಗೆಯೋಕೆ ಪುಡಿಯನ್ನು ಕರಗಿಸಿ ಸೆಲೈಟ್ ಎಂಬ ಸೋಸುಪುಡಿಯ ಮೇಲೆ ಸೋಸಿ. ನಿಧಾನದ ಕೆಲಸ, ಆದರೆ ಪುಡಿ ಬೆಳ್ಳಗೆ ಬರುತ್ತದೆ. ಐಬುಪ್ರೊಫೆನ್ ಆಗುತ್ತಾ ಅಂತ ಕೇಳಬೇಡಿ. ಅದರ ಒಂದೇ ಹರಳಿನೊಳಗೆ ಎಡ-ಬಲ ಎರಡೂ ಕೂತಿರುತ್ತವೆ, ಅಲ್ಲಿ ಈ ಆಟ ನಡೆಯಲ್ಲ.